ಯಾವ ಸಾಲಿನ ಗಾಡಿ?

ವರ್ಷಗಟ್ಟಲೆ ನಿಂತಿದ್ದ ಹಳೆಯ ಕಾರೊಂದನ್ನು ಎಬ್ಬಿಸಿ ಓಡಿಸುವ ಕಥೆಗೆ ಈಗ ಒಂದು ಸಿದ್ಧ ಅಚ್ಚು ಇದೆ. ಶೆಡ್ಡಿನ ಬಾಗಿಲು ಕಿರುಗುಟ್ಟುತ್ತ ತೆರೆಯುತ್ತದೆ. ದೂಳು ಹಿಡಿದ ಹೊದಿಕೆ ಸರಿಯುತ್ತದೆ. ಕಾರನ್ನು ಅಲ್ಲಿ ಬಿಟ್ಟವರು ಅಪ್ಪನೋ ಅಜ್ಜನೋ ಆಗಿರುತ್ತಾರೆ. ಎಬ್ಬಿಸುವವನು ಮಗ ಅಥವಾ ಮೊಮ್ಮಗ. ಆಮೇಲೆ ಬಿಚ್ಚುವುದು, ತುಕ್ಕು ಕೆರೆಯುವುದು, ಸಿಗದ ಒಂದು ಬಿಡಿಭಾಗಕ್ಕಾಗಿ ಅಲೆಯುವುದು, ಬಣ್ಣ ಹೊಡೆಯುವುದು. ಕೊನೆಗೆ ಕೀಲಿ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯ ಸಲ ಗರ್ಜಿಸುತ್ತದೆ, ಯಾರೋ ಕಣ್ಣೊರೆಸಿಕೊಳ್ಳುತ್ತಾರೆ. ಪುಸ್ತಕ, ಸಿನಿಮಾ, ಟಿ.ವಿ. ಸರಣಿ, ಹತ್ತು ನಿಮಿಷದ ವಿಡಿಯೊ ಎಲ್ಲದರಲ್ಲೂ ಇದೇ ನಡೆ. ಜನಪದ ಕಥೆಗಳನ್ನು ವರ್ಗ, ಆಶಯ ಎಂದು ವಿಂಗಡಿಸುವವರಿಗೆ ಇದೊಂದು ಹೊಸ ವರ್ಗವೇ ಸರಿ.

ಈ ಕಥನವನ್ನು ಸಾಹಿತ್ಯದ ವಿದ್ಯಾರ್ಥಿಗಳು ಮನರಂಜನೆ ಎಂದು ಬದಿಗಿಡಬಾರದು ಎಂಬುದು ಈ ಬರಹದ ವಾದ. ಗ್ರಂಥಸಂಪಾದನೆ ಎಂಬ ಹೆಸರಿನಲ್ಲಿ ನಾವು ತರಗತಿಯಲ್ಲಿ ಓದುವ ಎಲ್ಲ ತಕರಾರುಗಳೂ ಅಲ್ಲಿ ಗ್ರೀಸು, ತುಕ್ಕುಗಳ ನಡುವೆ ಮತ್ತೆ ಎದುರಾಗುತ್ತವೆ. ಅವುಗಳಲ್ಲಿ ಮೊದಲನೆಯದು ಕೇಳಲು ಬಹಳ ಸರಳ: ಕಾರನ್ನು ಮೊದಲಿನಂತೆ ಮಾಡುತ್ತೇವೆ ಎನ್ನುತ್ತಾರಲ್ಲ, ಆ ‘ಮೊದಲು’ ಯಾವಾಗ?

ಪದಗಳಿಂದಲೇ ಶುರುಮಾಡೋಣ. ಈ ಕೆಲಸಕ್ಕೆ ನಮ್ಮಲ್ಲಿ ಎರಡು ಮಾತುಗಳಿವೆ. ಒಂದು ದುರಸ್ತಿ, ಇನ್ನೊಂದು ಜೀರ್ಣೋದ್ಧಾರ. ದುರಸ್ತಿ ಪಾರಸಿಯಿಂದ ಬಂದು ಬೀದರ ಸೀಮೆಯ ಬಾಯಲ್ಲಿ ಪಳಗಿದ ಮಾತು. ಕೆಟ್ಟದ್ದನ್ನು ನೆಟ್ಟಗೆ ಮಾಡುವುದು ಅದರ ಅರ್ಥ. ಪಂಪ್‌ಸೆಟ್ಟಿಗೂ ರಸ್ತೆಗೂ ಸಲ್ಲುತ್ತದೆ. ಜೀರ್ಣೋದ್ಧಾರ ಗುಡಿ-ಮಠಗಳಿಗೆ ಸಲ್ಲುವ ಮಾತು. ಅದರಲ್ಲಿ ಒಂದು ವೈಭವದ ಕಾಲದ ಕಲ್ಪನೆ ಇದೆ, ನಂತರದ ಕಾಲವೆಲ್ಲ ಇಳಿಜಾರು ಎಂಬ ತೀರ್ಪೂ ಇದೆ. ದುರಸ್ತಿ ಮಾಡುವವನು ನಾಳೆಯನ್ನು ನೋಡುತ್ತಾನೆ: ಗಾಡಿ ಬೆಳಿಗ್ಗೆ ಹೊರಡಬೇಕು. ಜೀರ್ಣೋದ್ಧಾರ ಮಾಡುವವನ ಕಣ್ಣು ಹಿಂದಿನ ಒಂದು ದಿನದ ಮೇಲಿರುತ್ತದೆ. ಕಾರಿನ ಕಥೆಗಳು ತಮ್ಮನ್ನು ದುರಸ್ತಿಯ ಕಥೆಗಳೆಂದು ಹೇಳಿಕೊಂಡರೂ ಹೆಚ್ಚಿನವು ಜೀರ್ಣೋದ್ಧಾರದ ಕಥೆಗಳು.

ಅವುಗಳ ನಾಯಕ ಸಾಮಾನ್ಯವಾಗಿ ಅಮೆರಿಕದ ಮಸಲ್ ಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ ಟೆಂಪೆಸ್ಟ್ ಎಂಬ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ ಕೂಡಿಸಿ ಜಿಟಿಒ ಎಂದು ಮಾರಿತು. ಆ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದೆಂದು ಮಾತೃಸಂಸ್ಥೆ ಜನರಲ್ ಮೋಟರ್ಸ್‌ನದೇ ನಿಯಮವಿತ್ತು. ಹಾಗಾಗಿ ಅದನ್ನು ಹೊಸ ಕಾರು ಎನ್ನದೆ ಗಿರಾಕಿ ಆರಿಸಿಕೊಳ್ಳಬಹುದಾದ ಹೆಚ್ಚುವರಿ ಸೌಲಭ್ಯ ಎಂದು ಪಟ್ಟಿಯಲ್ಲಿ ನುಸುಳಿಸಿದರು. ಸಾಧಾರಣ ಮೈ, ಅಸಾಧಾರಣ ಎಂಜಿನ್, ಕೈಗೆಟಕುವ ಬೆಲೆ ಎಂಬ ಈ ಸೂತ್ರ ಹತ್ತು ವರ್ಷವೂ ಬಾಳಲಿಲ್ಲ. ಹೊಗೆಯ ಮೇಲಿನ ಕಾನೂನು, ಏರಿದ ವಿಮೆ, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಅದನ್ನು ಮುಗಿಸಿದವು. ಗ್ಯಾಲನ್ನುಗಟ್ಟಲೆ ಪೆಟ್ರೋಲು ಕುಡಿಯುವ ಗಾಡಿಗಳು ಶೆಡ್ಡು ಸೇರಿದವು. ಅಲ್ಲಿ ಶೆಡ್ಡುಗಳಿದ್ದವು, ಜಾಗವಿತ್ತು, ಓಡದ ಗಾಡಿಯನ್ನು ಮಾರದೆ ಇಟ್ಟುಕೊಳ್ಳುವಷ್ಟು ಅನುಕೂಲವಿತ್ತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ನಿಂತ ಗಾಡಿ ಸುಮ್ಮನೆ ನಿಂತಿರುವುದಿಲ್ಲ. ಟ್ಯಾಂಕಿನ ಪೆಟ್ರೋಲು ಕೊಳೆತು ಅಂಟಾಗಿ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕೊಳವೆಗಳನ್ನು ಒಳಗಿಂದ ತಿನ್ನುತ್ತದೆ. ರಬ್ಬರು ಬಿರುಸಾಗುತ್ತದೆ, ಇಲಿಗಳು ವೈರಿಂಗ್ ಕಡಿಯುತ್ತವೆ. ಬಲ್ಲ ಮೆಕ್ಯಾನಿಕ್ ಅವಸರದಲ್ಲಿ ಸೆಲ್ಫ್ ಹೊಡೆಯುವುದಿಲ್ಲ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಸಿ, ಕೈಯಿಂದ ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸಿ ನೋಡುತ್ತಾನೆ. ಅಂಟಿಕೊಂಡ ಓಲೆಗರಿಗಳನ್ನು ಎಣ್ಣೆ ಹಚ್ಚಿ ಬಿಡಿಸುವವರ ಕೈ ನೋಡಿದವರಿಗೆ ಈ ತಾಳ್ಮೆಯ ಪರಿಚಯ ಇರುತ್ತದೆ. ಎರಡೂ ಕಡೆ ಬಲ ಹಾಕಿದರೆ ಮುರಿಯುತ್ತದೆ.

ಇಲ್ಲಿಯವರೆಗಿನದು ದುರಸ್ತಿ. ತಕರಾರು ಶುರುವಾಗುವುದು ಇದಾದ ಮೇಲೆ. ಅದಕ್ಕೆ ಬಹಳ ಸ್ಪಷ್ಟವಾದ ಉದಾಹರಣೆ 1968ರ ‘ಬುಲಿಟ್’ ಸಿನಿಮಾದ ಎರಡು ಮಸ್ಟ್ಯಾಂಗ್ ಕಾರುಗಳು. ಸ್ಯಾನ್‌ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಸ್ಟೀವ್ ಮ್ಯಾಕ್ವೀನ್ ಓಡಿಸುವ ಕಡುಹಸಿರು ಫೋರ್ಡ್ ಮಸ್ಟ್ಯಾಂಗ್ ಒಂದಲ್ಲ, ಎರಡು. ಚಾಸಿ ನಂಬರುಗಳು ಒಂದರ ಪಕ್ಕ ಒಂದು. ನಾಯಕನ ದೃಶ್ಯಗಳಿಗೆ ಬಳಸಿದ ಕಾರನ್ನು 1974ರಲ್ಲಿ ಕೀರ್ನನ್ ಎಂಬ ಕುಟುಂಬ ಕೊಂಡಿತು. ಅದು ಅವರ ಮನೆಯ ದಿನಬಳಕೆಯ ಗಾಡಿಯಾಯಿತು; ಮನೆಯೊಡತಿ ಅದರಲ್ಲೇ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರು. 1977ರಲ್ಲಿ ಮ್ಯಾಕ್ವೀನ್ ಸ್ವತಃ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. 1980ರ ಹೊತ್ತಿಗೆ ಕ್ಲಚ್ ಹೋಗಿ ನಿಂತಿತು. ಮುಂದೆ ಮಗ ಅದನ್ನು ಓಡುವ ಸ್ಥಿತಿಗೆ ತಂದು 2018ರಲ್ಲಿ ಲೋಕಕ್ಕೆ ತೋರಿಸಿದಾಗ ಯಂತ್ರಭಾಗ ಸರಿಯಾಗಿತ್ತು, ಆದರೆ ಮಾಸಿದ ಬಣ್ಣ, ತುಕ್ಕು, ಕ್ಯಾಮೆರಾ ಕೂರಿಸಲು ಮಾಡಿದ ಬೆಸುಗೆ ಎಲ್ಲ ಹಾಗೇ ಇದ್ದವು. ಜನವರಿ 2020ರ ಹರಾಜಿನಲ್ಲಿ ಅದು ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು.

ಎರಡನೆಯ ಕಾರು ಹಾರುವ, ಬೀಳುವ ದೃಶ್ಯಗಳಲ್ಲಿ ಜಜ್ಜಿಹೋಗಿ ಗುಜರಿಗೆ ಸೇರಿತ್ತು. ಅರ್ಧ ಶತಮಾನದ ನಂತರ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಬಿಳಿ ಬಣ್ಣ ಬಳಿದ ಬರೀ ತಗಡಿನ ಗೂಡಾಗಿ ಸಿಕ್ಕಿತು. ಕೊಂಡವರಿಗೆ ಅದರ ಹಿನ್ನೆಲೆ ತಿಳಿದಿರಲಿಲ್ಲ. 2000ದಲ್ಲಿ ಬಂದ ಮತ್ತೊಂದು ಸಿನಿಮಾದ ‘ಎಲಿನೋರ್’ ಎಂಬ ಮಸ್ಟ್ಯಾಂಗಿನ ನಕಲು ಮಾಡಲು ಅದನ್ನು ತಂದಿದ್ದರು. ಚಾಸಿ ನಂಬರು ಓದಿದ ಮೇಲೆ ಯೋಜನೆ ಬದಲಾಯಿತು. ಒಂದು ಸಿನಿಮಾದ ವೇಷ ಹಾಕಬೇಕಿದ್ದ ಗಾಡಿ ಇನ್ನೊಂದು ಸಿನಿಮಾದ ನಿಜರೂಪ ಎಂದು ಗೊತ್ತಾಯಿತು.

ಈಗ ಪ್ರಶ್ನೆ ಕೇಳಿ ನೋಡಿ. ಕೀರ್ನನ್ ಮನೆಯ ಕಾರನ್ನು ಯಾವ ಕಾಲಕ್ಕೆ ಮರಳಿಸಬೇಕು? ಕಾರ್ಖಾನೆಯಿಂದ ಹೊರಬಂದ ದಿನಕ್ಕೆ ಮರಳಿಸಿದರೆ ಕ್ಯಾಮೆರಾದ ಬೆಸುಗೆ ತೆಗೆಯಬೇಕು, ಆಗ ಅದು ಸಿನಿಮಾದ ಕಾರಲ್ಲ. ಚಿತ್ರೀಕರಣದ ದಿನಕ್ಕೆ ಮರಳಿಸಿದರೆ ಶಾಲೆಗೆ ಹೋಗಿಬಂದ ವರ್ಷಗಳು ಅಳಿಯುತ್ತವೆ. ನಿಂತುಹೋದ 1980ಕ್ಕೇ ನಿಲ್ಲಿಸಿದರೆ ಓಡುವ ಕಾರು ಪೆಟ್ಟಿಗೆಯಲ್ಲಿಟ್ಟ ವಸ್ತುವಾಗುತ್ತದೆ. ಯಾವುದನ್ನು ಆರಿಸಿದರೂ ಅದೊಂದು ಆಯ್ಕೆಯೇ. ‘ಮೂಲ’ ಎಂಬುದು ಕಾರಿನೊಳಗೆ ಎಲ್ಲೋ ಅಡಗಿ ಕುಳಿತಿರುವುದಿಲ್ಲ. ಜೀರ್ಣೋದ್ಧಾರ ಮಾಡುವವನು ಒಂದು ದಿನವನ್ನು ಆರಿಸಿ ಅದಕ್ಕೆ ಮೂಲ ಎಂದು ಹೆಸರಿಡುತ್ತಾನೆ.

ಜಿಟಿಒ ಬಂದ, ಮಸ್ಟ್ಯಾಂಗ್ ಮಾರುಕಟ್ಟೆಗೆ ಇಳಿದ ಅದೇ 1964ರಲ್ಲಿ ಮೈಸೂರಿನಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೆ ಕಾರಿನವರ ಪೇಚಾಟವನ್ನು ಅರ್ಥಮಾಡಿಕೊಳ್ಳಲು ಆ ಶಾಸ್ತ್ರದ ಪರಿಭಾಷೆಯಷ್ಟು ಒದಗುವ ಸಾಧನ ಬೇರೆ ಕಾಣೆ. ಕವಿಯ ಕೈಬರಹ ನಮಗೆ ಸಿಗುವುದಿಲ್ಲ. ಸಿಗುವುದು ಪ್ರತಿಯ ಪ್ರತಿಯ ಪ್ರತಿ. ಪ್ರತಿ ಲಿಪಿಕಾರನೂ ಏನನ್ನೋ ಬಿಟ್ಟಿರುತ್ತಾನೆ, ಏನನ್ನೋ ಸೇರಿಸಿರುತ್ತಾನೆ, ತನಗೆ ತಿಳಿಯದ ಪದವನ್ನು ತಿಳಿದದ್ದಾಗಿ ತಿದ್ದಿರುತ್ತಾನೆ. ಸಂಪಾದಕ ಪ್ರತಿಗಳನ್ನು ಹೋಲಿಸಿ, ಅವುಗಳ ವಂಶಾವಳಿ ಗುರುತಿಸಿ, ಒಂದು ಪಾಠವನ್ನು ಮೇಲಿಟ್ಟು ಉಳಿದವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಯಾವ ಪ್ರತಿಯಲ್ಲೂ ಇಲ್ಲದ ಊಹಾಪಾಠ ಹಾಕಿದರೆ ಅದು ತನ್ನದೆಂದು ಗುರುತು ಮಾಡುತ್ತಾನೆ.

ಕಾರಿನ ಜಗತ್ತಿನಲ್ಲಿ ಇದಕ್ಕೆ ಸಮಾನವಾದ ಶಬ್ದಗಳಿವೆ. ಚಾಸಿಯ ಮೇಲಿನ ನಂಬರಿಗೂ ಎಂಜಿನ್ ಮೇಲೆ ಒತ್ತಿದ ನಂಬರಿಗೂ ತಾಳೆಯಾದರೆ ‘ಮ್ಯಾಚಿಂಗ್ ನಂಬರ್ಸ್’ ಎನ್ನುತ್ತಾರೆ. ಅಂಥ ಗಾಡಿಯ ಬೆಲೆ ಬೇರೆಯೇ. ಇದು ಶುದ್ಧ ಪಾಠದ ಹಂಬಲ. ನಡುವೆ ಯಾರೋ ಬೇರೆ ಎಂಜಿನ್ ಕೂರಿಸಿದ್ದರೆ ಅದು ಪ್ರಕ್ಷಿಪ್ತ. ಹೊಸದಾಗಿ ಅಚ್ಚು ಹಾಕಿಸಿದ ಬಾಗಿಲು ಊಹಾಪಾಠ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಒಳ್ಳೆಯ ಸಂಪಾದಿತ ಗ್ರಂಥದಲ್ಲಿ ಪುಟದ ಕೆಳಗೆ ಅಡಿಟಿಪ್ಪಣಿ ಇರುತ್ತದೆ. ಸಂಪಾದಕ ತೆಗೆದುಹಾಕಿದ್ದನ್ನೂ ಓದುಗ ಅಲ್ಲಿ ನೋಡಬಹುದು, ಸಂಪಾದಕನ ಜೊತೆ ಜಗಳವಾಡಬಹುದು. ಜೀರ್ಣೋದ್ಧಾರಗೊಂಡ ಕಾರಿಗೆ ಅಡಿಟಿಪ್ಪಣಿ ಇರುವುದಿಲ್ಲ. ಹೊಸ ಬಣ್ಣದ ಕೆಳಗೆ ಏನಿತ್ತೆಂದು ಬಣ್ಣ ಹೇಳುವುದಿಲ್ಲ. ಆ ಹೊಳಪಿನಲ್ಲಿ ಕಾಣುವುದು ನೋಡುವವನ ಮುಖ ಮಾತ್ರ.

ಈ ಹಂಬಲದ ಕೊನೆ ಎಲ್ಲಿಗೆ ಹೋಗುತ್ತದೆಂದು ಸ್ಟೀಫನ್ ಕಿಂಗ್ 1983ರ ‘ಕ್ರಿಸ್ಟೀನ್’ ಕಾದಂಬರಿಯಲ್ಲಿ ಬರೆದರು. ಅದನ್ನು ದೆವ್ವದ ಕಥೆ ಎಂದು ಓದುವುದು ವಾಡಿಕೆ. ಜೀರ್ಣೋದ್ಧಾರದ ಕಥನದ ವಿಮರ್ಶೆಯಾಗಿಯೂ ಅದನ್ನು ಓದಬಹುದು. ಆರ್ನಿ ಎಂಬ ಪುಕ್ಕಲು ಹುಡುಗ 1958ರ ಪ್ಲಿಮತ್ ಫ್ಯೂರಿ ಕಾರೊಂದನ್ನು, ಮಸಲ್ ಕಾರುಗಳಿಗೆ ಹಿರಿಯಕ್ಕನಂಥದ್ದನ್ನು, ಮುರುಕು ಸ್ಥಿತಿಯಲ್ಲಿ ಕೊಳ್ಳುತ್ತಾನೆ. ರಿಪೇರಿಗೆ ಯಾವ ಕ್ರಮವೂ ಇರುವುದಿಲ್ಲ; ಕಾರು ತಾನಾಗಿಯೇ ಹೊಸದಾಗುತ್ತ ಹೋಗುತ್ತದೆ, ಮೈಲಿ ತೋರಿಸುವ ಮೀಟರು ಹಿಂದಕ್ಕೆ ತಿರುಗುತ್ತದೆ. ಮೀಟರು ಹಿಂದಕ್ಕೆ ತಿರುಗಿದಷ್ಟೂ ಹುಡುಗ ಮುದಿಯನಾಗುತ್ತಾನೆ, ಕಾರಿನ ಹಳೆಯ ಒಡೆಯನ ಮಾತು, ಬೈಗುಳ, ದ್ವೇಷ ಎಲ್ಲ ಇವನ ಬಾಯಿಗೆ ಬರುತ್ತವೆ. ಕಳೆದ ಕಾಲವನ್ನು ಪೂರ್ತಿಯಾಗಿ ವಾಪಸು ತರಬೇಕೆಂದರೆ ಈಗಿನ ಕಾಲದ ಒಬ್ಬನನ್ನು ಬಲಿ ಕೊಡಬೇಕು ಎಂಬುದು ಕಿಂಗ್ ಕಂಡ ಭಯ. ಇನ್ನೊಂದು ಸ್ವಾರಸ್ಯವೂ ಉಂಟು. 1958ರ ಫ್ಯೂರಿ ಕಾರ್ಖಾನೆಯಿಂದ ಬರುತ್ತಿದ್ದದ್ದು ಒಂದೇ ಬಣ್ಣದಲ್ಲಿ, ಮಾಸಲು ಕೆನೆಬಣ್ಣದಲ್ಲಿ. ಕ್ರಿಸ್ಟೀನ್ ಕೆಂಪು-ಬಿಳುಪು. ಅದು ವಿಶೇಷವಾಗಿ ಹೇಳಿ ಮಾಡಿಸಿದ ಬಣ್ಣ ಎಂದು ಕಾದಂಬರಿ ವಿವರಣೆ ಕೊಡುತ್ತದೆ. ಅಂದರೆ ಅಷ್ಟು ರಕ್ತ ಸುರಿಸಿ ಮರಳುವ ಆ ‘ಮೂಲ’ವೂ ಒಬ್ಬ ಗಿರಾಕಿಯ ಪಾಠಾಂತರವೇ.

ಇದಕ್ಕೆ ಇಪ್ಪತ್ತೈದು ವರ್ಷ ಮೊದಲೇ ನಮ್ಮ ದೇಶದಲ್ಲಿ ಇದೇ ವಸ್ತುವನ್ನು ತದ್ವಿರುದ್ಧ ದಿಕ್ಕಿನಿಂದ ನೋಡಿದ ಸಿನಿಮಾ ಬಂದಿತ್ತು. ಸುಬೋಧ್ ಘೋಷ್ ಅವರ ಬಂಗಾಳಿ ಕಥೆಯನ್ನು ಆಧರಿಸಿ ಋತ್ವಿಕ್ ಘಟಕ್ 1958ರಲ್ಲಿ ಮಾಡಿದ ‘ಅಜಾಂತ್ರಿಕ್’. ಬಿಮಲ್ ಎಂಬ ಒಂಟಿ ಟ್ಯಾಕ್ಸಿ ಡ್ರೈವರ್, ಅವನ ಲಡಕಾಸಿ ಶೆವ್ರೊಲೆ; ಕಾರಿಗೆ ಅವನಿಟ್ಟ ಹೆಸರು ಜಗದ್ದಲ್. ಛೋಟಾನಾಗಪುರದ ಕೆಂಪು ಮಣ್ಣಿನ ರಸ್ತೆಗಳು. ಬಿಮಲ್ ಕಾರಿನ ಜೊತೆ ಮಾತಾಡುತ್ತಾನೆ; ರೇಡಿಯೇಟರಿಗೆ ನೀರು ಹೊಯ್ದರೆ ಬಾಯಾರಿದವನು ಕುಡಿದ ಹಾಗೆ ಗಟಗಟ ಸದ್ದು ಬರುತ್ತದೆ. ಊರವರು ನಗುತ್ತಾರೆ. ಸುತ್ತ ಉರಾಂವ್ ಬುಡಕಟ್ಟಿನ ಜನರ ಕುಣಿತ, ಮೆರವಣಿಗೆ. ಅವರ ಕುಡುಖ್ ಭಾಷೆ ನಮ್ಮ ಕನ್ನಡದ ದಾಯಾದಿ ಎಂಬುದನ್ನು ನೆನೆದರೆ ಆ ದೃಶ್ಯಗಳು ಕನ್ನಡದ ಪ್ರೇಕ್ಷಕನಿಗೆ ಅಷ್ಟು ದೂರದವು ಅನ್ನಿಸುವುದಿಲ್ಲ.

‘ಅಜಾಂತ್ರಿಕ್’ನಲ್ಲಿ ಗಾಡಿ ನಿಲ್ಲುವುದೇ ಇಲ್ಲ, ನಿಂತರೆ ಊಟವಿಲ್ಲ. ಬಿಮಲ್ ಮಾಡುವುದೆಲ್ಲ ದುರಸ್ತಿ, ದಿನಾಲೂ ದುರಸ್ತಿ. ಕೊನೆಗೊಮ್ಮೆ ಕಾರು ಕೈಕೊಟ್ಟಾಗ ಇದ್ದ ಹಣವನ್ನೆಲ್ಲ ಸುರಿದು ಹೊಸ ಭಾಗಗಳನ್ನು ಹಾಕುತ್ತಾನೆ. ಅದರ ತಾಕತ್ತು ಪರೀಕ್ಷಿಸಲು ಕಲ್ಲುಬಂಡೆಗಳನ್ನು ಹೇರುತ್ತಾನೆ. ಜಗದ್ದಲ್ ಸೋಲುತ್ತದೆ, ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ನಾನು ಮೇಲೆ ಹೇಳಿದ ಸಿದ್ಧ ಅಚ್ಚಿನಲ್ಲಿ ಎಂಜಿನ್ ಗರ್ಜಿಸಬೇಕಾದ ಜಾಗ ಇದು. ಘಟಕ್ ಅಲ್ಲಿ ಬೇರೊಂದು ಸದ್ದು ಕೇಳಿಸುತ್ತಾರೆ: ಒಂದು ಮಗುವಿನ ಕೈಗೆ ಕಾರಿನ ಹಳೆಯ ಹಾರ್ನ್ ಸಿಕ್ಕಿದೆ, ಅದನ್ನು ಒತ್ತಿ ಆಡುತ್ತಿದೆ. ಬಿಮಲ್ ಕೇಳಿಸಿಕೊಂಡು ಅಳುತ್ತಲೇ ನಗುತ್ತಾನೆ. ಕಾರು ಮೊದಲಿನಂತಾಗಲಿಲ್ಲ, ಯಾವ ವರ್ಷಕ್ಕೂ ಮರಳಲಿಲ್ಲ. ಅದರ ಒಂದು ಚೂರು ಬಳಕೆಯೊಳಗೆ ಉಳಿಯಿತು. ಕಿಂಗ್ ಅವರ ಕಾರು ತನ್ನನ್ನು ಪ್ರೀತಿಸಿದವನನ್ನು ತಿಂದು ಹೊಸದಾಗುತ್ತದೆ. ಘಟಕ್ ಅವರ ಕಾರು ತನ್ನನ್ನು ಪ್ರೀತಿಸಿದವನಿಗೆ ದುಡಿದು ಸವೆಯುತ್ತದೆ. ಇದು ಇಬ್ಬರು ಲೇಖಕರ ಮನೋಧರ್ಮದ ವ್ಯತ್ಯಾಸವಷ್ಟೇ ಅಲ್ಲ, ಗಾಡಿಯನ್ನು ನಿಲ್ಲಿಸಿಡಬಲ್ಲ ಸಮಾಜಕ್ಕೂ ನಿಲ್ಲಿಸಿಡಲಾರದ ಸಮಾಜಕ್ಕೂ ಇರುವ ವ್ಯತ್ಯಾಸ.

ನಾನು ಬೆಳೆದ ಹಲಬರ್ಗಾ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಊರು, 1948ರವರೆಗೆ ನಿಜಾಮನ ಸೀಮೆ. ಆ ಸೀಮೆಯಲ್ಲಿ ನಿಲ್ಲಿಸಿಟ್ಟ ಗಾಡಿಯ ಮಾತು ಬಂದರೆ ನೆನಪಾಗುವುದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ರೋಲ್ಸ್ ರಾಯ್ಸ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿದ್ದು, ಒಳಗೆ ಸಿಂಹಾಸನದಂಥ ಆಸನ. ಅದು ಬರುವ ಮೊದಲೇ 1911ರಲ್ಲಿ ಅವನು ತೀರಿಕೊಂಡ. ಅದು ತನ್ನ ಇಡೀ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ದಶಕಗಟ್ಟಲೆ ನಿಂತು, ಜೀರ್ಣೋದ್ಧಾರಗೊಂಡು, ಈಗ ಗಾಜಿನ ಹಿಂದೆ ಹೊಳೆಯುತ್ತದೆ. ಅದೇ ಸಂಸ್ಥಾನ 1932ರಲ್ಲಿ 27 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರುಮಾಡಿತು. ಜನರನ್ನು ಹೊತ್ತ ಆ ಆಲ್ಬಿಯನ್ ಬಸ್ಸುಗಳಲ್ಲಿ ‘ಡೆಕ್ಕನ್ ಕ್ವೀನ್’ ಎಂಬ ಒಂದನ್ನು ನೆನಪಿಗೆ ಉಳಿಸಿಕೊಂಡಿದ್ದಾರೆ. ಕಡಿಮೆ ಓಡಿದ್ದು ಪೂರ್ತಿಯಾಗಿ ಉಳಿಯುತ್ತದೆ, ಹೆಚ್ಚು ಓಡಿದ್ದು ಕರಗಿಹೋಗುತ್ತದೆ. ಹಸ್ತಪ್ರತಿಗಳ ವಿಷಯವೂ ಹಾಗೇ: ಕೈಯಿಂದ ಕೈಗೆ ಓಡಾಡಿದ ಕಟ್ಟು ಸವೆಯುತ್ತದೆ, ಯಾರೂ ಬಿಚ್ಚದ ಕಟ್ಟು ಅಚ್ಚುಕಟ್ಟಾಗಿ ಉಳಿಯುತ್ತದೆ.

ಕಾನೂನು ಈ ತಾರತಮ್ಯವನ್ನು ಬರೆದೇ ಇಟ್ಟಿದೆ. ಜುಲೈ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ ‘ವಿಂಟೇಜ್’ ಎನ್ನಿಸಿಕೊಳ್ಳಲು ವಾಹನ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ವಿಶೇಷ ಅಕ್ಷರ. ನಿಯಮಕ್ಕೆ ಅದರದೇ ತರ್ಕವಿದೆ, ಒಪ್ಪೋಣ. ಆದರೆ ಅದನ್ನು ಒಂದು ಪಠ್ಯವಾಗಿ ಓದಿದರೆ ಅರ್ಥವಾಗುವುದು ಇಷ್ಟು: ದುಡಿದ ಗಾಡಿ ಪರಂಪರೆಯಾಗಲಾರದು. ಹೊಟ್ಟೆಪಾಡಿಗಾಗಿ ಓಡಿ, ಕೆಟ್ಟು, ಎಂಜಿನ್ ಬದಲಿಸಿಕೊಂಡು ಮತ್ತೆ ಓಡಿದ ಗಾಡಿಗೆ ಚರಿತ್ರೆ ಹೆಚ್ಚು, ಅರ್ಹತೆ ಕಡಿಮೆ.

ನಮ್ಮ ಕಾಕಾನ ಕಮಾಂಡರ್ ಜೀಪು ಅಂಥ ಅನರ್ಹ ಗಾಡಿ. ಹಲಬರ್ಗಾದಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ ಸವಾರಿ ಹೊಡೆದು ಅದು ಎರಡು ಮನೆಗಳನ್ನು ಸಾಕಿದೆ. ಸಂತೆಯ ದಿನ ಒಳಗಿದ್ದವರಿಗಿಂತ ಹಿಂದೆ ಜೋತುಬಿದ್ದವರೇ ಹೆಚ್ಚು. ಈಗ ಏಳೆಂಟು ವರ್ಷದಿಂದ ತಗಡಿನ ಶೆಡ್ಡಿನಲ್ಲಿ ನಿಂತಿದೆ; ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ. ಇತ್ತೀಚೆಗೆ ಹಳೆಯ ಜೀಪುಗಳಿಗೆ ದೊಡ್ಡ ಟೈರು, ಹೊಸ ಬಣ್ಣ ಹಾಕಿ ಪೇಟೆಯವರಿಗೆ ಮಾರುವ ಹುಡುಗನೊಬ್ಬ ಬಂದು ಕೇಳಿದ, “ಯಾವ ಸಾಲಿಂದು ಗಾಡಿ, ಕಾಕಾ?” ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಾಸಿ ಒಂದ್ ಸಾಲಿಂದು, ಇಂಜಿನ್ ಒಂದ್ ಸಾಲಿಂದು, ಬಾಡಿ ಮತ್ತೊಂದ್ ಸಾಲಿಂದು. ಗಾಡಿ ಮಾತ್ರ ನಂದೇ ಅದ” ಅಂದರು.

ಪಾಲಿಯ ‘ಮಿಲಿಂದ ಪ್ರಶ್ನ’ದಲ್ಲಿ ಭಿಕ್ಷು ನಾಗಸೇನ ರಾಜನಿಗೆ ರಥದ ಉದಾಹರಣೆ ಕೊಡುತ್ತಾನೆ: ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ, ಎಲ್ಲ ಕೂಡಿದಾಗ ಬಳಸುವ ಹೆಸರಷ್ಟೇ ರಥ. ಕಾಕಾನ ಉತ್ತರ ಅದರ ಪಕ್ಕದ ದಾರಿಯದ್ದು. ಭಾಗಗಳು ಬೇರೆ ಬೇರೆ ಕಾಲದವು. ಅವುಗಳನ್ನು ಒಂದು ಗಾಡಿಯಾಗಿ ಹಿಡಿದಿಟ್ಟದ್ದು ಅದರಿಂದ ನಡೆದ ಬದುಕು.

ಆ ಜೀಪಿನ ಬಾನೆಟ್ ಎತ್ತಿದರೆ ಒಳಮೈಯಲ್ಲಿ ಸಾಲಾಗಿ ಬರಹಗಳಿವೆ. ಪ್ರತಿ ಸಲ ಎಂಜಿನ್ ಬಿಚ್ಚಿ ಕಟ್ಟಿದಾಗಲೂ ಮಿಸ್ತ್ರಿ ಸಣ್ಣ ಬ್ರಷ್ಷಿನಿಂದ ತಾರೀಖು, ಕಿಲೋಮೀಟರು ಬರೆಯುತ್ತಿದ್ದರು. ಅಂಕಿ ಇಂಗ್ಲಿಷಿನವು, ಪಕ್ಕದಲ್ಲಿ ಉರ್ದುವಿನ ಎರಡು ಅಕ್ಷರ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತಾನು ಬರೆದು ಮುಗಿಸಿದ ಸಂವತ್ಸರ, ತಿಥಿ, ಊರು ಬರೆದಿಡುವಂತೆ. ಆ ಸಮಾಪ್ತಿ ವಾಕ್ಯಗಳಿಂದಲೇ ನಾವು ಪ್ರತಿಯ ಕಾಲ ಹೇಳುವುದು, ಎಷ್ಟೋ ಲಿಪಿಕಾರರ ಹೆಸರು ಉಳಿದಿರುವುದು. ಜೀಪು ಕೇಳಿಕೊಂಡು ಬಂದ ಹುಡುಗನ ಕೆಲಸದ ಪಟ್ಟಿಯಲ್ಲಿ ಮೊದಲು ಇದ್ದದ್ದು “ಬಾನೆಟ್ ಒಳಗ ಪೂರಾ ಕೆರದು ಪೇಂಟ್”. ಅದನ್ನು ಕೆರೆದರೆ ಮಿಸ್ತ್ರಿ ಆ ಗಾಡಿಯಲ್ಲಿದ್ದ ಎಂಬುದಕ್ಕೆ ಬೇರೆ ದಾಖಲೆ ಇಲ್ಲ. ಜೀರ್ಣೋದ್ಧಾರದ ಕಥನದಲ್ಲಿ ಅಪ್ಪ-ಮಗ ಇರುತ್ತಾರೆ, ಮಿಸ್ತ್ರಿ ಇರುವುದಿಲ್ಲ ಎಂದು ನನಗೆ ಹೊಳೆದದ್ದು ಆ ಪಟ್ಟಿ ಕೇಳಿದಾಗ. ಯಂತ್ರವನ್ನು ಬದುಕಿಸಿದ ಕೈಗಳು ಯಾವಾಗಲೂ ತುಕ್ಕಿನ ಪಕ್ಷಕ್ಕೆ ಸೇರಿ ಅಳಿಸಿಹೋಗುತ್ತವೆ.

ಇದಕ್ಕೆ ಎದುರು ವಾದವೂ ಗಟ್ಟಿಯಾಗಿದೆ. ತುಕ್ಕನ್ನು ಪೂಜಿಸುವುದು ಕೂಡ ಒಂದು ಶೋಕಿ. ಬುಲಿಟ್ ಕಾರಿನ ಮಾಸಿದ ಬಣ್ಣಕ್ಕೆ ಲಕ್ಷಾಂತರ ಡಾಲರ್ ಬಂದ ಮೇಲೆ ಹೊಸ ತಗಡಿಗೆ ಹಳೆಯ ಮಾಸಲು ಹಚ್ಚಿಕೊಡುವವರೂ ಇದ್ದಾರೆ. ದುಡಿಯುವ ಗಾಡಿಯ ಒಡೆಯನಿಗೆ ತುಕ್ಕಿನ ಮೇಲೆ ಯಾವ ಪ್ರೀತಿಯೂ ಇಲ್ಲ. ಕೈಯಲ್ಲಿ ಹಣವಿದ್ದ ವರ್ಷ ಕಾಕಾ ಆಯುಧಪೂಜೆಗೆ ಜೀಪಿಗೆ ಬಣ್ಣ ಹೊಡೆಸದೆ ಬಿಟ್ಟವರಲ್ಲ. ನಮ್ಮ ಕಡೆ ಮರಾಠಿಯಿಂದ ಬಂದ ‘ಭಂಗಾರ’ ಎಂಬ ಮಾತಿದೆ, ಗುಜರಿ ಎಂದು ಅರ್ಥ. ಬಾಯಿಮಾತಿನಲ್ಲಿ ಮಹಾಪ್ರಾಣ ಬಿದ್ದುಹೋಗಿ ಅದೂ ಬಂಗಾರವೂ ಒಂದೇ ಆಗಿ ಕೇಳುತ್ತವೆ. ಭಂಗಾರವನ್ನು ಬಂಗಾರ ಎನ್ನುವುದು ದೂರದಲ್ಲಿ ನಿಂತು ನೋಡುವವರಿಗೆ ಸುಲಭ.

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಬಿಡುವುದು? ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಆ ಉತ್ತರ ಒಪ್ಪುತ್ತದೆ. 1472ರ ಆ ಕಟ್ಟಡದ ಒಂದು ಭಾಗ ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟಕ್ಕೆ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ಅದರ ಮೈಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ. ಬಿದ್ದ ಮಿನಾರನ್ನು ಯಾರೂ ಮತ್ತೆ ಕಟ್ಟಿಲ್ಲ. ನೋಡುವವರು ಇದ್ದುದರಿಂದ ಇಲ್ಲದ್ದನ್ನು ಓದಿಕೊಳ್ಳುತ್ತಾರೆ, ಕಟ್ಟಿದವರನ್ನೂ ಕೆಡವಿದ ಕಾಲವನ್ನೂ ಒಟ್ಟಿಗೆ ಕಾಣುತ್ತಾರೆ. ಕಟ್ಟಡ ಪಾಳಾದರೂ ಕಟ್ಟಡವೇ. ಗಾಡಿಗೆ ಈ ಸವಲತ್ತಿಲ್ಲ. ಓಡದ ಗಾಡಿಯನ್ನು ಅರ್ಧ ಓದಿದಂತೆಯೂ ಅಲ್ಲ. ಅದರ ಅರ್ಥವಿರುವುದೇ ಓಟದಲ್ಲಿ. ಆದ್ದರಿಂದ ಮುಟ್ಟಬೇಡಿ ಎಂಬುದು ಗಾಡಿಯ ವಿಷಯದಲ್ಲಿ ಉತ್ತರವಾಗಲಾರದು. ಮುಟ್ಟುವುದು ಹೇಗೆ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಇಲ್ಲಿ ನಮ್ಮ ಸೀಮೆಯ ಸಾಹಿತ್ಯದಲ್ಲೇ ಒಂದು ಮಾದರಿ ಇದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಕೂಡಿಸಿ ಕಲ್ಯಾಣದ ಸಂವಾದವಾಗಿ ಕಟ್ಟಿದ ಶೂನ್ಯಸಂಪಾದನೆ. ಬೇರೆ ಬೇರೆ ಸಂದರ್ಭದ ವಚನಗಳನ್ನು ಬಿಚ್ಚಿ, ಪ್ರಶ್ನೋತ್ತರವಾಗಿ ಜೋಡಿಸಿ, ನಡುವೆ ತಮ್ಮ ಗದ್ಯದ ಬೆಸುಗೆ ಹಾಕಿದರು. ಅದನ್ನು ಮೊದಲು ಮಾಡಿದ್ದು ಶಿವಗಣಪ್ರಸಾದಿ ಮಹದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಬಿಚ್ಚಿ ಮತ್ತೆ ಕಟ್ಟಿದರು. ನಾಲ್ಕು ಶೂನ್ಯಸಂಪಾದನೆಗಳಿವೆ, ನಾಲ್ಕೂ ಬೇರೆ. ಅವುಗಳಲ್ಲಿ ‘ಅಸಲಿ’ ಯಾವುದೆಂದು ಕೇಳಿದರೆ ಪ್ರಶ್ನೆಯೇ ತಪ್ಪಾಗುತ್ತದೆ. ಕಟ್ಟಿದವರ ಹೆಸರು ಕೃತಿಯ ಜೊತೆಗೇ ಉಳಿಯಿತು, ಬೆಸುಗೆ ಓದುಗನ ಕಣ್ಣಿಗೆ ಕಾಣುತ್ತದೆ, ವಚನಕಾರರ ಅಂಕಿತ ಅಳಿಯಲಿಲ್ಲ. ಮೂಲಕ್ಕೆ ಮರಳಿಸಿದೆವು ಎನ್ನುವ ಜಂಬ ಅಲ್ಲಿಲ್ಲ. ಬಳಕೆಗೆ ಮತ್ತೆ ಒದಗಲಿ ಎಂಬ ಕಾಳಜಿ ಇದೆ.

ಸಂಪಾದನೆ ಎಂಬ ಮಾತಿಗೆ ಕನ್ನಡದಲ್ಲಿ ಮೂರು ಅರ್ಥ ಒಟ್ಟಿಗೆ ಇರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ವಿದ್ವಾಂಸರ ಸಂಪಾದನೆ ಪಠ್ಯವನ್ನು ಸಿದ್ಧಗೊಳಿಸುವುದು. ಶರಣರ ಸಂಪಾದನೆ ಅರಿವನ್ನು ಪಡೆಯುವುದು. ಮನೆಮಾತಿನ ಸಂಪಾದನೆ ಹೊಟ್ಟೆಪಾಡಿಗೆ ದುಡಿಯುವುದು. ಹಳೆಯ ಗಾಡಿಯನ್ನು ಎಬ್ಬಿಸುವವರು ಮೊದಲ ಅರ್ಥವನ್ನು ಹಿಡಿದು ಮೂರನೆಯದನ್ನು ಬಿಟ್ಟಾಗ ನಿಜಾಮನ ರೋಲ್ಸ್ ರಾಯ್ಸ್ ಉಳಿಯುತ್ತದೆ, ಬಿಮಲ್‌ನ ಜಗದ್ದಲ್ ತೂಕಕ್ಕೆ ಹೋಗುತ್ತದೆ.

ಆದ್ದರಿಂದ ಮಸಲ್ ಕಾರಿರಲಿ, ಜೀಪಿರಲಿ, ಅದರ ಜೀರ್ಣೋದ್ಧಾರವನ್ನು ವಿಮರ್ಶೆ ಮಾಡಬಹುದಾದ ಒಂದು ಸಂಪಾದಿತ ಕೃತಿಯೆಂದೇ ನೋಡಬೇಕು. ಯಾವ ದಿನವನ್ನು ಮೂಲವೆಂದು ಆರಿಸಿದ್ದಾರೆ, ಏಕೆ? ಬದಲಿಸಿದ ಭಾಗದ ಲೆಕ್ಕ ಬರೆದಿಟ್ಟಿದ್ದಾರೆಯೇ? ನಡುವಿನ ವರ್ಷಗಳಲ್ಲಿ ಅದನ್ನು ಓಡಿಸಿದವರ, ಕಟ್ಟಿದವರ ಗುರುತು ಎಲ್ಲಾದರೂ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಉಳಿದಿದೆಯೇ? ಎಂಜಿನ್ ಹೊಸದಾಗಲಿ, ಹೊರಗೆ ಬಣ್ಣ ಬರಲಿ, ಬ್ರೇಕ್ ಹಿಡಿಯಲಿ. ಬಾನೆಟ್ಟಿನ ಒಳಮೈಯನ್ನು ಕೆರೆಯದೆ ಬಿಟ್ಟರೆ ಗಾಡಿಯ ವೇಗವೇನೂ ಕಡಿಮೆಯಾಗುವುದಿಲ್ಲ. ಅಷ್ಟು ಜಾಗ ಆ ಕೃತಿಯ ಅಡಿಟಿಪ್ಪಣಿ. ಡಿ.ಎಲ್.ಎನ್. ಓದಿದ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ, ಸಂಪಾದಕ ನಂಬಲು ಯೋಗ್ಯನೋ ಅಲ್ಲವೋ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಪುಟದ ಆ ಕೆಳಭಾಗವನ್ನೇ.